ಗಿರಾಕಿಗಳೇ ಸಾಮಾನು ತೆಗೆದುಕೊಳ್ಳುವ ಹಾಗೆ ಅಂಗಡಿ ಬದಲಾಯಿಸಬಹುದಾ?

ಪೇಟೆಬೀದಿ ಹುಡುಗ:
ಮಂಡ್ಯದ ಪೇಟೆ ಬೀದಿ ಹತ್ತಿರ ಅಪ್ಪನ ದಿನಸಿ ಅಂಗಡಿ ಇದೆ. ಗಿರಾಕಿ ಚೀಟಿ ಕೊಡುತ್ತಾರೆ, ನಾವು ತೂಗಿ ಕಟ್ಟಿ ಕೊಡುತ್ತೇವೆ. ಸಂಜೆ ಆರರ ಮೇಲೆ ರಶ್, ನಿಂತು ನಿಂತು ಬೇಜಾರಾಗಿ ಎಷ್ಟೋ ಜನ ಹೊರಟೇ ಹೋಗುತ್ತಾರೆ. ಮುಂದಿನ ಮರದ ಹಲಗೆ ತೆಗೆದು, ಜನ ಒಳಗೆ ಬಂದು ಬೇಕಾದ್ದು ಆರಿಸಿಕೊಳ್ಳಲಿ ಅಂತ ನನ್ನ ಆಸೆ. ಅಪ್ಪ ಒಪ್ಪುತ್ತಿಲ್ಲ, ಕದ್ದುಕೊಂಡು ಹೋದರೆ ಅಂತಾರೆ. ಇದನ್ನು ಶುರು ಮಾಡಿದ ಅಮೆರಿಕದವನೇ ದಿವಾಳಿ ಆದನಂತೆ, ನಿಜಾನಾ?

ಕುವೆಂಪುನಗರದಿಂದ:
ದಿವಾಳಿ ಆದದ್ದು ನಿಜ, ಅಂಗಡಿಯಿಂದ ಅಲ್ಲ. ಹೆಸರು ಕ್ಲಾರೆನ್ಸ್ ಸಾಂಡರ್ಸ್. 1916ರ ಸೆಪ್ಟೆಂಬರ್‌ನಲ್ಲಿ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆರೆದ. ಅಲ್ಲಿವರೆಗೆ ಆ ಊರಲ್ಲೂ ನಿಮ್ಮ ಅಂಗಡಿ ಥರವೇ, ಚೀಟಿ ಕೊಟ್ಟು ಕಾಯಬೇಕಿತ್ತು. ಇವನು ಬಾಗಿಲಿಗೆ ತಿರುಗುವ ಗೇಟು ಇಟ್ಟ, ಕೈಗೆ ಬುಟ್ಟಿ ಕೊಟ್ಟ, ಪ್ರತಿ ಸಾಮಾನಿಗೂ ಬೆಲೆ ಬರೆದು ಹಾಕಿದ. ಇದ್ದದ್ದು ಒಂದೇ ದಾರಿ, ಎಲ್ಲ ಕಪಾಟು ಸುತ್ತಿಕೊಂಡು ಬಂದರೆ ಕೊನೆಗೆ ಗಲ್ಲಾ. ನಿಮ್ಮಪ್ಪನ ಭಯಕ್ಕೆ ಉತ್ತರ ಆ ದಾರಿಯಲ್ಲೇ ಇದೆ. ಏಳು ವರ್ಷದೊಳಗೆ ಸಾವಿರಕ್ಕೂ ಜಾಸ್ತಿ ಅಂಗಡಿ ಆದವು.

ಮುಳುಗಿದ್ದು ಷೇರುಪೇಟೆಯಲ್ಲಿ. ಅದೇ ಹೆಸರಿನಲ್ಲಿ ಬೇರೆಯವರು ನಡೆಸುತ್ತಿದ್ದ ಕೆಲವು ಅಂಗಡಿ ಮುಚ್ಚಿದಾಗ, ಬೆಲೆ ಬೀಳುತ್ತದೆ ಅಂತ ಒಂದಷ್ಟು ಜನ ಅವನ ಕಂಪನಿ ಷೇರನ್ನು ಕಡ ತಂದು ಮಾರಿ ಬಾಜಿ ಕಟ್ಟಿದರು, ಆಮೇಲೆ ಅಷ್ಟೇ ಷೇರು ಕೊಂಡು ವಾಪಸ್ ಕೊಡಬೇಕಿತ್ತು. ಅವರಿಗೆ ಬುದ್ಧಿ ಕಲಿಸಬೇಕು ಅಂತ ಇವನು ಸಾಲ ತಂದು ಷೇರೆಲ್ಲ ಬಾಚಿಕೊಂಡ. 1923ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಆ ಷೇರಿನ ವಹಿವಾಟನ್ನೇ ನಿಲ್ಲಿಸಿ, ಬಾಜಿ ಕಟ್ಟಿದವರಿಗೆ ಷೇರು ವಾಪಸ್ ಕೊಡುವ ಗಡುವು ಹೆಚ್ಚಿಸಿತು. ಸಾಲ ಇವನ ತಲೆ ಮೇಲೆ ಬಿತ್ತು, ಕಂಪನಿ ಕೈತಪ್ಪಿ ಹೋಯಿತು. ಆಸೆಪಟ್ಟು ಕಟ್ಟಿಸುತ್ತಿದ್ದ ಗುಲಾಬಿ ಕಲ್ಲಿನ ಬಂಗಲೆಯಲ್ಲಿ ಒಂದು ದಿನವೂ ವಾಸ ಮಾಡಲಿಲ್ಲ ಪಾಪ.

ಬೆಲ್ಲದ ಅಚ್ಚು:
ಇನ್ನೊಂದು ಇದೆ. 1937ರಲ್ಲಿ ಅವನೇ ಕೀಡೂಜಲ್ ಅಂತ ಅಂಗಡಿ ತೆರೆದ. ಸಾಮಾನೆಲ್ಲ ಗಾಜಿನ ಹಿಂದೆ, ಕೀಲಿ ತೂರಿಸಿದರೆ ಬೆಲ್ಟ್ ಮೇಲೆ ಬರಬೇಕು. ರಶ್ ಆದಾಗ ಯಂತ್ರ ಕೈಕೊಟ್ಟಿತು, ನಡೆಯಲಿಲ್ಲ. ಯಂತ್ರ ಸರಿ ಇದ್ದಿದ್ದರೂ ನಮ್ಮಮ್ಮನಂಥವರು ಅಲ್ಲಿಗೆ ಹೋಗುತ್ತಿರಲಿಲ್ಲ. ಬೆಲ್ಲವನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಇಡದೆ ಅವರು ಕೊಳ್ಳುವುದಿಲ್ಲ, ಅಕ್ಕಿ ಮೂಟೆಗೆ ಮೊಣಕೈವರೆಗೆ ಕೈ ಹಾಕಿ ತಳದಲ್ಲಿ ನುಚ್ಚು ಎಷ್ಟಿದೆ ಅಂತ ನೋಡುತ್ತಾರೆ. ಅದಕ್ಕೇ ಹೇಳುತ್ತೇನೆ, ಅಕ್ಕಿ ಬೇಳೆ ಬೆಲ್ಲ ಕೈಗೆ ಸಿಗೋ ಹಾಗೆ ತೆರೆದಿಡಿ. ತಕ್ಕಡಿ ಅಪ್ಪನ ಹತ್ತಿರವೇ ಇರಲಿ.

ಪೇಟೆಬೀದಿ ಹುಡುಗ:
ಎಲ್ಲ ಓದಿ ಹೇಳಿದೆ. ಸಾಲದ ಕಥೆ ಕೇಳಿ ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ಗೇಟು ಬೇಡ, ತಕ್ಕಡಿ ಇಟ್ಟುಕೊಂಡು ಬಾಗಿಲಲ್ಲಿ ನಾನೇ ಕೂರುತ್ತೇನೆ ಅಂದರು. ಭಾನುವಾರ ಬಡಗಿ ಬರುತ್ತಾರೆ.