ತ್ರೀ ಕಾರ್ಡ್ ಪೋಕರ್: ಮೂರೆಲೆ ಬಲ್ಲವರಿಗೆ ಎಷ್ಟು ಹೊಸದು, ಬೆಟ್ ಹೇಗೆ ಕಟ್ಟೋದು?

ಹೊಸತೊಡಕು_ಕೈ ಕೇಳಿದ್ದು:

ಮುಂದಿನ ತಿಂಗಳು ಲಾಸ್ ವೇಗಸ್‌ನಲ್ಲಿ ಮೂರು ದಿನ ಇರ್ತೀವಿ, ನಾಲ್ಕು ಜನ. ಟೆಕ್ಸಾಸ್ ಹೋಲ್ಡೆಮ್ ಪೋಕರ್ ಬರಲ್ಲ, ಕಲಿಯೋ ವ್ಯವಧಾನವೂ ಇಲ್ಲ. ಯುಗಾದಿ ಹೊಸ ತೊಡಕಿಗೆ ಆಡೋ ಮೂರೆಲೆ ಮಾತ್ರ ಎಲ್ಲರಿಗೂ ಬರುತ್ತೆ. ಅಲ್ಲಿನ ತ್ರೀ ಕಾರ್ಡ್ ಪೋಕರ್ ಅಂದ್ರೆ ಅದೇ ಆಟ ಅಂತಾರೆ, ಹೌದಾ? ಬ್ಲೈಂಡ್ (ಎಲೆ ನೋಡದೆ ಕಟ್ಟೋದು), ಚಾಲ್ (ನೋಡಿ ಕಟ್ಟೋದು), ಶೋ (ಎಲೆ ತೆರೆದು ತೋರಿಸೋದು) ಎಲ್ಲ ಇರುತ್ತಾ? ಟೇಬಲ್ ಮೇಲೆ ಒಬ್ಬೊಬ್ಬರ ಮುಂದೆ ಮೂರು ನಾಲ್ಕು ಖಾನೆ ಇರೋದನ್ನ ಫೋಟೋದಲ್ಲಿ ನೋಡಿದೆ. ಯಾವುದಕ್ಕೆ ದುಡ್ಡಿಡಬೇಕು, ಯಾವುದಕ್ಕೆ ಬೇಡ? ಆಟಕ್ಕೆ ಅಂತ ತಲೆಗೆ 200 ಡಾಲರ್ ಇಟ್ಕೊಂಡಿದ್ದೀವಿ. ಕನಿಷ್ಠ 15 ಡಾಲರ್‌ನ ಟೇಬಲ್‌ಗೆ ಸಾಕಾ?

ಕಳಾವರ್_ಗುಲಾಮ:

ಎಲೆ ಮೂರು ಅನ್ನೋದು ಬಿಟ್ಟರೆ ಆಟದ ಸ್ವಭಾವವೇ ಬೇರೆ. ಮೂರೆಲೆಯಲ್ಲಿ ಎದುರಾಳಿ ಅಂದ್ರೆ ಪಕ್ಕದಲ್ಲಿ ಕೂತವರು. ಇಲ್ಲಿ ಎಷ್ಟೇ ಜನ ಕೂತಿರಲಿ, ಪ್ರತಿಯೊಬ್ಬರೂ ಆಡೋದು ಡೀಲರ್ ಎದುರು ಮಾತ್ರ. ಚಾಲ್ ಏರಿಸಿ ಯಾರನ್ನೂ ಹೆದರಿಸೋಕಾಗಲ್ಲ, ಡೀಲರ್ ಪ್ಯಾಕ್ ಆಗೋದೂ (ಎಲೆ ಬಿಡೋದೂ) ಇಲ್ಲ. ನಿಮ್ಮ ಕೈಲಿರೋ ತೀರ್ಮಾನ ಒಂದೇ: ಎಲೆ ನೋಡಿದ ಮೇಲೆ ಆಡೋದಾ, ಬಿಡೋದಾ. 1994ರಲ್ಲಿ ಡೆರೆಕ್ ವೆಬ್ ಅನ್ನೋ ಬ್ರಿಟಿಷ್ ಪೋಕರ್ ಆಟಗಾರ ಇದನ್ನ ರೂಪಿಸಿದ್ದು. ಬ್ರಿಟಿಷರ ಬ್ರ್ಯಾಗ್ ಆಟ ಇದರ ಹಿಂದಿದೆ, ನಮ್ಮ ಮೂರೆಲೆಯೂ ಅದೇ ವಂಶದ್ದು. ಅದಕ್ಕೇ ನೋಡಿದ ತಕ್ಷಣ ಪರಿಚಯದ ಆಟ ಅನ್ನಿಸೋದು.

ಒಂದು ಸುತ್ತು ಹೀಗೆ ನಡೆಯುತ್ತೆ. ಆಂಟಿ ಅಂತ ಬರೆದಿರೋ ಖಾನೆಯಲ್ಲಿ ಚಿಪ್ ಇಡ್ತೀರಿ. ಎಲೆ ಹಂಚೋ ಮೊದಲೇ ಇಡೋ ನಮ್ಮ ಬೂಟ್ ಇದ್ದ ಹಾಗೆ. ಪೇರ್ ಪ್ಲಸ್ ಅನ್ನೋ ಖಾನೆ ನಿಮ್ಮಿಷ್ಟ. ಎಲ್ಲರಿಗೂ ಮೂರು ಎಲೆ ಕವುಚಿ ಬರುತ್ತೆ, ಡೀಲರ್‌ಗೂ ಮೂರು. ನೀವು ನಿಮ್ಮದನ್ನ ನೋಡಿ, ಆಡ್ತೀರಿ ಅಂದ್ರೆ ಆಂಟಿಗೆ ಸರಿಸಮ ಚಿಪ್ ಪ್ಲೇ ಖಾನೆಯಲ್ಲಿಡಬೇಕು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಬಿಡ್ತೀರಿ ಅಂದ್ರೆ ಎಲೆಗಳನ್ನ ಡೀಲರ್ ಕಡೆ ಸರಿಸಿ. ಆಂಟಿ ಹೋಯ್ತು, ಪೇರ್ ಪ್ಲಸ್ ಇಟ್ಟಿದ್ದರೆ ಅದೂ ಹೋಯ್ತು.

ಆಮೇಲೆ ಡೀಲರ್ ತನ್ನ ಎಲೆ ತೆರೀತಾರೆ. ಮೂರೆಲೆಯಲ್ಲಿ ಇಲ್ಲದ ನಿಯಮ ಬರೋದು ಇಲ್ಲಿ. ಡೀಲರ್ ಕೈ 'ಕ್ವಾಲಿಫೈ' ಆಗಬೇಕಾದ್ರೆ ಕನಿಷ್ಠ ಒಂದು ರಾಣಿಯಾದರೂ ಇರಬೇಕು, ಅಥವಾ ಅದಕ್ಕಿಂತ ದೊಡ್ಡದು. ಗುಲಾಮ ಅಥವಾ ಅದಕ್ಕಿಂತ ಕೆಳಗಿನ ಎಲೆಯೇ ದೊಡ್ಡದಾಗಿದ್ದು ಜೋಡಿ ಗೀಡಿ ಏನೂ ಇಲ್ಲದಿದ್ದರೆ ಕ್ವಾಲಿಫೈ ಆಗಿಲ್ಲ ಅಂತ. ಆಗ ಆಂಟಿಗೆ ಒಂದಕ್ಕೊಂದು ಕೊಡ್ತಾರೆ, ಪ್ಲೇ ಚಿಪ್ ಹಾಗೇ ವಾಪಸ್. ಕ್ವಾಲಿಫೈ ಆಗಿ ನೀವು ಗೆದ್ದರೆ ಆಂಟಿ, ಪ್ಲೇ ಎರಡಕ್ಕೂ ಒಂದಕ್ಕೊಂದು. ಸೋತರೆ ಎರಡೂ ಹೋಯ್ತು. ಸರಿಸಮ ಬಂದರೆ ಎರಡೂ ವಾಪಸ್. ಮೂರೆಲೆಯಲ್ಲಿ ಶೋ ಕೇಳಿದವನು ಸಮವಾದರೆ ಸೋತ ಅಂತ ಎಷ್ಟೋ ಕಡೆ ಆಡ್ತಾರಲ್ಲ, ಅದು ಇಲ್ಲಿಲ್ಲ.

ಎಲೆಗಳ ಕ್ರಮದಲ್ಲಿ ಜನ ಎಡವೋದು. ಮೂರೆಲೆಯಲ್ಲಿ ಟ್ರೇಲ್ (ಮೂರು ಎಕ್ಕ, ಮೂರು ರಾಜ ಥರದ್ದು) ಎಲ್ಲಕ್ಕಿಂತ ಮೇಲೆ, ಆಮೇಲೆ ಪ್ಯೂರ್ ಸೀಕ್ವೆನ್ಸ್ (ಒಂದೇ ಜಾತಿಯ ಸಾಲಾದ ಮೂರು ಎಲೆ). ಇಲ್ಲಿ ಉಲ್ಟಾ: ಪ್ಯೂರ್ ಸೀಕ್ವೆನ್ಸ್ ಅಂದ್ರೆ ಸ್ಟ್ರೇಟ್ ಫ್ಲಶ್ ಮೊದಲು, ಟ್ರೇಲ್ ಎರಡನೇದು. ಆಮೇಲೆ ಸೀಕ್ವೆನ್ಸ್ (ಜಾತಿ ಬೇರೆಯಾದರೂ ಸಾಲಾದ ಮೂರು), ಕಲರ್ (ಒಂದೇ ಜಾತಿಯ ಮೂರು), ಜೋಡಿ, ದೊಡ್ಡೆಲೆ, ನಮ್ಮ ಹಾಗೇ. 52 ಎಲೆಯಲ್ಲಿ ಮೂರು ಎತ್ತೋ ಬಗೆ ಒಟ್ಟು 22,100; ಅದರಲ್ಲಿ ಪ್ಯೂರ್ ಸೀಕ್ವೆನ್ಸ್ 48, ಟ್ರೇಲ್ 52. ಹಾಗಾಗಿ ಲೆಕ್ಕದ ಪ್ರಕಾರ ಅವರ ಕ್ರಮವೇ ಸರಿ, ನಮ್ಮದು ಮೂರು ಎಕ್ಕದ ಮೇಲಿನ ಮೋಹ! ಇನ್ನೊಂದು, ಎಕ್ಕ-2-3 ನಮ್ಮಲ್ಲಿ ಎರಡನೇ ದೊಡ್ಡ ಸೀಕ್ವೆನ್ಸ್. ಇಲ್ಲಿ ಅದೇ ಅತಿ ಚಿಕ್ಕದು.

ಧಾರವಾಡ್_ಇಸ್ಪೀಟ್:

ಗುಲಾಮ ಅವ್ರು ಆಟ ಹೇಳ್ಯಾರ, ನಾ ಲೆಕ್ಕ ಹೇಳ್ತೀನ್ರಿ. ಒಂದ ಮಾತು ಬಾಯಿಪಾಠ ಮಾಡ್ರಿ: ರಾಣಿ-6-4. ಅಷ್ಟು ಅಥವಾ ಅದಕ್ಕಿಂತ ಚಲೋ ಇದ್ರ ಆಡ್ರಿ, ಕಮ್ಮಿ ಇದ್ರ ಬಿಡ್ರಿ. ರಾಜ, ಎಕ್ಕ ಬಂದ್ರ ಉಳಿದ ಎಲೆ ಏನರ ಇರ್ಲಿ, ಆಡೋದ. ರಾಣಿ ಬಂದಾಗ ಮಾತ್ರ ಎರಡನೇ ಎಲೆ ನೋಡ್ರಿ: 7 ಅಥವಾ ಮ್ಯಾಲಿದ್ರ ಆಡ್ರಿ, 5 ಅಥವಾ ಕೆಳಗಿದ್ರ ಬಿಡ್ರಿ. 6 ಇದ್ರ ಮೂರನೇದು ನೋಡ್ರಿ, 4 ಅಥವಾ 5 ಇದ್ರ ಆಡ್ರಿ, 2-3 ಇದ್ರ ಬಿಡ್ರಿ. ಅಂದ್ರ ರಾಣಿ-7-2 ಆಡ್ತೀರಿ, ರಾಣಿ-5-4 ಬಿಡ್ತೀರಿ.

ಯಾಕ ಅಂದ್ರ, ನಿಮ್ಮ ಕೈಯಾಗ ಗುಲಾಮನ ದೊಡ್ಡ ಎಲೆ ಅಂತ ಇಟ್ಕೊಳ್ರಿ, ಆಂಟಿ 10 ಡಾಲರ್. ಡೀಲರ್ ಕ್ವಾಲಿಫೈ ಆಗದ ಇರೋದು ನೂರರಾಗ ಸುಮಾರು 30 ಸಲ. ಆ 30 ಸಲ ನಿಮಗ 10 ಸಿಕ್ತು, ಒಟ್ಟು 300. ಉಳಿದ 70 ಸಲ ಡೀಲರ್ ಕಡೆ ರಾಣಿನರ ಇದ್ದ ಇರ್ತಾಳ, ಗುಲಾಮ ಗೆಲ್ಲಾಕ ಸಾಧ್ಯನ ಇಲ್ಲ. ಆಂಟಿ ಮತ್ತ ಪ್ಲೇ ಸೇರಿ 20 ಹೋತು, ಒಟ್ಟು 1400. ಕೂಡಿ ಕಳದ್ರ 1100 ನಷ್ಟ. ನೂರು ಸಲಾನೂ ಬಿಟ್ಟಿದ್ರ ಬರೀ 1000. 'ಡೀಲರ್‌ಗೆ ಏನೂ ಇರಾಕಿಲ್ಲ, ನೋಡೂಣು' ಅನ್ನೋ ಹುರುಪಿಗೆ ಸಲಕ್ಕ ಒಂದು ಡಾಲರ್ ದಂಡ, ತಿಳೀತಿಲ್ರಿ? ರಾಣಿ-6-4ಕ್ಕ ಬಂದಾಗ ಡೀಲರ್‌ನ ಸಣ್ಣ ರಾಣಿ ಕೈ ಕೆಲವನ್ನ ಸೋಲಸ್ತೀರಿ, ಅಲ್ಲಿಗೆ ಆಡೋದು ಬಿಡೋದಕ್ಕಿಂತ ಕೂದಲೆಳಿಯಷ್ಟು ಚಲೋ ಆಗ್ತದ.

ಹಿಂಗ ಆಡಿದ್ರ ಮೂರರಾಗ ಒಂದು ಕೈ ಬಿಡ್ತೀರಿ (32.6%). ಕ್ಯಾಸಿನೋಕ್ಕ ಸಿಗೋದು ಆಂಟಿ ಮ್ಯಾಲ 3.37%. ರಾಣಿ ಇದ್ರ ಸಾಕು ಆಡ್ತೀನಿ ಅಂದ್ರ 3.45%, ಭಾಳ ಫರಕ್ ಏನಿಲ್ಲ, 6-4 ಮರ್ತ್ರ ಗಾಬರಿ ಆಗಬ್ಯಾಡ್ರಿ. ಆದ್ರ ಮೂರೆಲೆ ಚಟಕ್ಕ ಬಿದ್ದು ಎಲೆ ನೋಡದನ ಬ್ಲೈಂಡ್ ಪ್ಲೇ ಇಟ್ರಿ ಅಂದ್ರ 7.65% ಆಗ್ತದ. ಮೂರೆಲೆಯಾಗ ಬ್ಲೈಂಡ್‌ಗೆ ಅರ್ಧ ದುಡ್ಡಿನ ಸವಲತ್ತು ಅದ, ಇಲ್ಲಿ ಏನೂ ಇಲ್ಲ.

ಆಟೀನ್_ಎಕ್ಕ:

ಖಾನೆಗಳ ಬಗ್ಗೆ. ಟೇಬಲ್ ಮೇಲೆ ಅಚ್ಚಾಗಿರೋ ಪಾವತಿ ಪಟ್ಟಿ ಓದದೆ ಕೂರಬೇಡಿ. ಒಂದೇ ಊರಲ್ಲಿ, ಒಂದೇ ರಸ್ತೆಯಲ್ಲಿ ಪಟ್ಟಿ ಬೇರೆ ಬೇರೆ ಇರುತ್ತೆ.

ಪೇರ್ ಪ್ಲಸ್‌ಗೆ ಡೀಲರ್ ಕೈ ಜೊತೆ ಸಂಬಂಧವಿಲ್ಲ. ನಿಮಗೆ ಜೋಡಿ ಅಥವಾ ಮೇಲೆ ಬಂದರೆ ದುಡ್ಡು. ಹಳೇ ಪಟ್ಟಿಯಲ್ಲಿ ಜೋಡಿಗೆ 1, ಕಲರ್‌ಗೆ 4, ಸೀಕ್ವೆನ್ಸ್‌ಗೆ 6, ಟ್ರೇಲ್‌ಗೆ 30, ಸ್ಟ್ರೇಟ್ ಫ್ಲಶ್‌ಗೆ 40 ಪಟ್ಟು. ಅದರಲ್ಲಿ ಮನೆಯ ಪಾಲು, ಅಂದ್ರೆ ಸರಾಸರಿ ಕ್ಯಾಸಿನೋಗೆ ಉಳಿಯೋದು, 2.32%, ಆಡಬಹುದು. ಕಲರ್‌ನ 4 ತೆಗೆದು 3 ಮಾಡಿದ ಪಟ್ಟಿಯಲ್ಲಿ ಅದೇ 7.28% ಆಗುತ್ತೆ. ಒಂದೇ ಒಂದು ಅಂಕಿ ಬದಲಾದದ್ದಕ್ಕೆ ಇಷ್ಟು ಏರಿಕೆ, ಯಾಕಂದ್ರೆ ಜೋಡಿ ಬಿಟ್ಟರೆ ಹೆಚ್ಚು ಬರೋ ಗೆಲುವು ಕಲರೇ: 22,100ರಲ್ಲಿ 1,096. ಹಾಗಾಗಿ ಟೇಬಲ್ ಹತ್ತಿರ ಹೋದ ಕೂಡಲೇ ಪಟ್ಟಿಯಲ್ಲಿ ಫ್ಲಶ್ (ಕಲರ್) ಸಾಲು ನೋಡಿ. 4 ಇದ್ದರೆ ಸರಿ, 3 ಇದ್ದರೆ ಆ ಖಾನೆ ಖಾಲಿ ಬಿಡಿ. ನೂರರಲ್ಲಿ 74 ಸಲ ನಿಮಗೆ ಜೋಡಿಯೂ ಬರಲ್ಲ ಅನ್ನೋದೂ ನೆನಪಿರಲಿ.

ಆಂಟಿ ಬೋನಸ್‌ಗೆ ಬೇರೆ ದುಡ್ಡು ಕಟ್ಟೋದು ಬೇಡ. ಸೀಕ್ವೆನ್ಸ್ ಅಥವಾ ಮೇಲಿನದು ಬಂದು ನೀವು ಪ್ಲೇ ಇಟ್ಟಿದ್ದರೆ, ಡೀಲರ್ ಗೆದ್ದರೂ ಕೊಡ್ತಾರೆ. ಒಳ್ಳೆ ಪಟ್ಟಿ 1-4-5: ಸೀಕ್ವೆನ್ಸ್‌ಗೆ 1, ಟ್ರೇಲ್‌ಗೆ 4, ಸ್ಟ್ರೇಟ್ ಫ್ಲಶ್‌ಗೆ 5. ಧಾರವಾಡದವರು ಹೇಳಿದ 3.37% ಈ ಪಟ್ಟಿಯದ್ದು. 1-3-4 ಇದ್ದರೆ 3.83%, 1-2-3 ಇದ್ದರೆ 4.28%.

ಸಿಕ್ಸ್ ಕಾರ್ಡ್ ಬೋನಸ್ ಅಂತ ಇನ್ನೊಂದು ಖಾನೆ ಇರಬಹುದು. ನಿಮ್ಮ ಮೂರು, ಡೀಲರ್‌ನ ಮೂರು ಸೇರಿಸಿ ಆ ಆರರಲ್ಲಿ ಒಳ್ಳೆಯ ಐದೆಲೆಯ ಪೋಕರ್ ಕೈ ಮಾಡೋದು. ಒಂದೇ ಅಂಕಿಯ ಮೂರು ಎಲೆ ಅಥವಾ ಮೇಲೆ ಬಂದರೆ ಗೆಲುವು. ಅದು ಬರೋದು ಸುಮಾರು 14 ಕೈಗೆ ಒಂದು ಸಲ. ರಾಯಲ್ ಫ್ಲಶ್‌ಗೆ 1000 ಪಟ್ಟು ಅಂತ ದೊಡ್ಡಕ್ಷರದಲ್ಲಿ ಬರೆದಿರ್ತಾರೆ. ಅದರ ಕೆಳಗಿನ ಸಾಲುಗಳು (ಸ್ಟ್ರೇಟ್ ಫ್ಲಶ್‌ನಿಂದ ಒಂದೇ ಅಂಕಿಯ ಮೂರರವರೆಗೆ) 200-100-20-15-10-7 ಇದ್ದರೆ ಮನೆಯ ಪಾಲು 8.56%, 200-50-25-15-10-5 ಇದ್ದರೆ 15.28%. ಎರಡೂ ನನ್ನ ಲೆಕ್ಕದಲ್ಲಿ ಬೇಡದ್ದೇ.

ಹೊಸತೊಡಕು_ಕೈ:

ತುಂಬಾ ಥ್ಯಾಂಕ್ಸ್. ನಮಗೆ ಕ್ವಾಲಿಫೈ ವಿಷಯ ಗೊತ್ತೇ ಇರಲಿಲ್ಲ. ಆದರೆ ಒಂದು ತಿಳೀಲಿಲ್ಲ: ನನಗೆ ಮೂರು ರಾಜ ಬಂದು, ಡೀಲರ್ ಕ್ವಾಲಿಫೈ ಆಗದಿದ್ರೆ ಪ್ಲೇ ದುಡ್ಡಿಗೆ ಏನೂ ಸಿಗಲ್ವಾ? ಅನ್ಯಾಯ ಅಲ್ವಾ? 200 ಡಾಲರ್ ಪ್ರಶ್ನೆಗೂ ಯಾರಾದ್ರೂ ಉತ್ತರ ಹೇಳಿ.

ಕಳಾವರ್_ಗುಲಾಮ:

ಸಿಗಲ್ಲ. ಕ್ಯಾಸಿನೋ ಹೊಟ್ಟೆ ತುಂಬೋದು ಅಲ್ಲೇ. ನಿಮ್ಮ ಒಳ್ಳೆ ಕೈಗೆ ಅರ್ಧ ಸಂಬಳ, ಡೀಲರ್‌ನ ಒಳ್ಳೆ ಕೈಗೆ ಪೂರ್ತಿ ಸಂಬಳ. ಟ್ರೇಲ್‌ಗೆ ಆಂಟಿ ಬೋನಸ್ ಹೇಗೂ ಬರುತ್ತೆ, ಅದೊಂದು ಸಮಾಧಾನ.

200 ಡಾಲರ್ 15ರ ಟೇಬಲ್‌ಗೆ ತೀರಾ ಇಕ್ಕಟ್ಟು. ಆಡಿದ ಪ್ರತಿ ಕೈಗೂ 15 ಅಲ್ಲ, 30 ಮೇಜಿನ ಮೇಲಿರುತ್ತೆ. ಆರು ಕೈ ಆಡಿ ಸೋತರೆ 180 ಹೋಯ್ತು. ಗಂಟೆಗೆ 40 ಕೈ ಅಂತಿಟ್ಟುಕೊಂಡರೆ ಸರಾಸರಿ ನಷ್ಟ ಬರೀ 20 ಡಾಲರ್ (15 × 40 × 3.37%), ಆದರೆ ಏರಿಳಿತ ಅದರ ಏಳೆಂಟು ಪಟ್ಟು: ಗಂಟೆಯ ಕೊನೆಗೆ 150 ಡಾಲರ್ ಮೇಲೋ ಕೆಳಗೋ ಇರೋದು ಏನೂ ವಿಶೇಷವಲ್ಲ. 10ರ ಟೇಬಲ್ ಹುಡುಕಿ. ವಾರದ ದಿನ ಬೆಳಿಗ್ಗೆ ಸಿಗೋ ಸಾಧ್ಯತೆ ಹೆಚ್ಚು, ಶನಿವಾರ ರಾತ್ರಿ ಅದೇ ಟೇಬಲ್‌ನ ಕನಿಷ್ಠ ಏರಿಸಿರ್ತಾರೆ. 15ರದ್ದೇ ಬೇಕು ಅಂದ್ರೆ 400 ಇಲ್ಲದೆ ಕೂರಬೇಡಿ. ಇದರ ಜೊತೆ ಕಲರ್‌ಗೆ 3 ಕೊಡೋ ಪಟ್ಟಿಯ ಪೇರ್ ಪ್ಲಸ್‌ಗೆ ಪ್ರತಿ ಸಲ 5 ಡಾಲರ್ ಇಟ್ಟರೆ ಗಂಟೆಗೆ ಇನ್ನೂ 14-15 ಡಾಲರ್ ಸರಾಸರಿ ನಷ್ಟ. 'ಐದೇ ಡಾಲರ್ ತಾನೇ' ಅನ್ನೋ ಆ ಚಿಪ್ಪು ನಿಮ್ಮ ದೊಡ್ಡ ಬೆಟ್‌ನ ಮುಕ್ಕಾಲರಷ್ಟು ತಿನ್ನುತ್ತೆ.

ಸೋತಾಗ ಆಂಟಿ ಡಬಲ್ ಮಾಡ್ತಾ ಹೋಗೋ ಉಪಾಯ ಇಲ್ಲಿ ಇನ್ನೂ ಕೆಟ್ಟದ್ದು. 15, 30, 60 ಅಂತ ಮೂರು ಕೈ ಆಡಿ ಸೋತರೆ ಪ್ಲೇ ಸೇರಿ 30 + 60 + 120, ಅಂದ್ರೆ 210. ಮೂರೇ ಕೈಗೆ ನಿಮ್ಮ ಇಡೀ ಗಂಟು ಖಾಲಿ.

ಧಾರವಾಡ್_ಇಸ್ಪೀಟ್:

ಟೇಬಲ್ ರೀತಿ-ರಿವಾಜೂ ಒಂದೀಟು ಹೇಳಿಬಿಡ್ತೀನ್ರಿ. ಪಾಸ್‌ಪೋರ್ಟ್ ಜೇಬಿನ್ಯಾಗಿರ್ಲಿ, ನೆವಾಡಾದಾಗ 21 ವರ್ಷ ಆಗಿರಬೇಕು. ನೋಟು ಡೀಲರ್ ಕೈಗೆ ಕೊಡಬ್ಯಾಡ್ರಿ, ಮೇಜಿನ ಮ್ಯಾಲ ಇಡ್ರಿ. ಕ್ಯಾಮೆರಾಕ್ಕ ಕಾಣಂಗ ಹರವಿ ಎಣಿಸಿ ಚಿಪ್ ಕೊಡ್ತಾರ. ಸಾಮಾನ್ಯವಾಗಿ ಕೆಂಪು 5, ಹಸಿರು 25, ಕರಿ 100. ಎಲೆ ಹಂಚಾಕ ಶುರು ಆದ್ ಮ್ಯಾಲ ಆಂಟಿ ಚಿಪ್ ಮುಟ್ಟಬ್ಯಾಡ್ರಿ, ಸರಿಮಾಡಾಕೂ ಬ್ಯಾಡ. ಎಲೆ ಎತ್ತಿ ಎದೆಗೆ ಒತ್ಕೊಂಡು ನೋಡೋ ನಮ್ಮ ರೂಢಿ ಅಲ್ಲಿ ನಡಿಯಾಕಿಲ್ಲ, ಮೇಜಿನ ಮ್ಯಾಲ ಕಾಣಂಗ ಹಿಡೀರಿ. ಪಕ್ಕದ ಗೆಳೆಯಾಗ ತೋರಸಬ್ಯಾಡ್ರಿ, ಫೋನ್ ಒಳಗಿಡ್ರಿ. ಎದ್ದು ಹೊಂಟಾಗ ಡೀಲರ್ ರೊಕ್ಕ ಕೊಡಂಗಿಲ್ಲ. ಸಣ್ಣ ಚಿಪ್ ಕೊಟ್ಟು ದೊಡ್ಡವು ಇಸ್ಕೊಂಡು ಕ್ಯಾಶ್ ಕೌಂಟರ್‌ಗೆ ಹೋಗ್ರಿ.

ಮಾಂಡೋವಿ_ದಂಡೆ:

ಮಧ್ಯೆ ಬಾಯಿ ಹಾಕ್ತಿದೀನಿ, ಗೋವಾದ ಕ್ಯಾಸಿನೋ ಹಡಗಿನಲ್ಲಿ ಇದೇ ಲೆಕ್ಕ ನಡೆಯುತ್ತಾ?

ಆಟೀನ್_ಎಕ್ಕ:

ನಿಯಮ ಇದೇ ಇದ್ದರೆ ಲೆಕ್ಕವೂ ಇದೇ. ಆದರೆ ತೀನ್ ಪತ್ತಿ (ನಮ್ಮ ಮೂರೆಲೆ) ಅಂತ ಬೋರ್ಡ್ ಹಾಕಿದ ಟೇಬಲ್‌ನಲ್ಲಿ ಮೂರು ಪ್ರಶ್ನೆ ಮೊದಲೇ ಕೇಳಿ: ಟ್ರೇಲ್ ಮೇಲಾ ಪ್ಯೂರ್ ಸೀಕ್ವೆನ್ಸ್ ಮೇಲಾ, ಡೀಲರ್ ಕ್ವಾಲಿಫೈ ಆಗೋಕೆ ಏನು ಬೇಕು, ಎಕ್ಕ-2-3 ಎಲ್ಲಿ ನಿಲ್ಲುತ್ತೆ. ಆಟಗಾರರು ಆಟಗಾರರ ಮೇಲೇ ಆಡೋ ಟೇಬಲ್ ಆದರೆ ರಾಣಿ-6-4 ಮರೆತುಬಿಡಿ, ಅದು ಬೇರೆ ಆಟ.

ಪ್ರವೇಶದ ಪ್ಯಾಕೇಜ್‌ನಲ್ಲಿ ಕೊಡೋ ಒಂದೇ ಸಲ ಆಡಬಹುದಾದ ಕೂಪನ್‌ಗಳು ನಗದಾಗಲ್ಲ. ಅದನ್ನ ಆಂಟಿಗೆ ಇಟ್ಟರೆ ಪ್ಲೇಗೆ ಕೂಪನ್ನೇ ನಡೆಯುತ್ತಾ, ನಿಜವಾದ ಚಿಪ್ ಬೇಕಾ ಅಂತ ಎಲೆ ಬರೋ ಮೊದಲೇ ಕೇಳ್ಕೊಳಿ, ಇಲ್ಲದಿದ್ರೆ ಒಳ್ಳೆ ಕೈ ಬಂದಾಗ ಪೇಚಾಟ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೋಗೆ ಜಿಎಸ್‌ಟಿ 40%. ಚಿಪ್ ಕೊಳ್ಳುವಾಗ ನೀವು ಕೊಟ್ಟ ಹಣಕ್ಕೆ ಎಷ್ಟರ ಚಿಪ್ ಕೈಗೆ ಬರುತ್ತೆ ಅಂತ ಕೌಂಟರ್‌ನಲ್ಲೇ ಖಚಿತ ಮಾಡ್ಕೊಳಿ. ಗೆದ್ದ ಹಣಕ್ಕೆ 30% ಆದಾಯ ತೆರಿಗೆ, ಮೇಲೆ ಸೆಸ್. ಸೋತದ್ದನ್ನ ಅದರಲ್ಲಿ ಕಳೆಯೋಕೆ ಬಿಡಲ್ಲ. ಊರಿಗೆ ಬಂದು ಮೊಬೈಲ್‌ನಲ್ಲಿ ದುಡ್ಡಿಟ್ಟು ಅಭ್ಯಾಸ ಮಾಡೋ ಯೋಚನೆ ಇದ್ದರೆ ಬಿಡಿ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿದೆ. ಮನೇಲಿ ಒಂದು ಕಟ್ಟು ಇಸ್ಪೀಟು, ಒಂದು ಹಿಡಿ ಹುಣಸೆಬೀಜ ಇಟ್ಕೊಂಡು ಒಬ್ಬರು ಡೀಲರ್ ಆಗಿ. ಐವತ್ತು ಕೈ ಆಡಿದರೆ ಬಿಡೋ ಕೈ ಯಾವುದು ಅಂತ ಕಣ್ಣಿಗೆ ಪಳಗುತ್ತೆ.

ಹೊಸತೊಡಕು_ಕೈ:

ಹುಣಸೆಬೀಜ ಇವತ್ತೇ ಶುರು. ಕೊನೇ ಪ್ರಶ್ನೆ: ಎಲೆ ಎತ್ತಿದಾಗ ಮೂರರ ಬದಲು ನಾಲ್ಕು ಬಂದಿದ್ರೆ?

ಕಳಾವರ್_ಗುಲಾಮ:

ಮೆಷಿನ್ ಕಲಸಿ ಕೊಡೋದರಿಂದ ಅಪರೂಪ. ಆದರೂ ಎತ್ತೋ ಮೊದಲು ಮೇಜಿನ ಮೇಲೇ ಬೆರಳಲ್ಲಿ ಸ್ವಲ್ಪ ಹರಡಿ ಎಣಿಸಿಬಿಡಿ. ಹೆಚ್ಚು ಕಮ್ಮಿ ಇದ್ದರೆ ಮುಖ ನೋಡದೆ ಅಲ್ಲೇ ಬಿಟ್ಟು ಡೀಲರ್‌ಗೆ ಹೇಳಿ, ಅವರು ಮೇಲ್ವಿಚಾರಕರನ್ನ ಕರೀತಾರೆ. ಪ್ಲೇ ಚಿಪ್ ಇಟ್ಟ ಮೇಲೆ ಹೇಳಿದರೆ ಮೂರು ರಾಜ ಇದ್ದರೂ ಆ ಕೈ ರದ್ದಾಗಬಹುದು.