ದೊಡ್ಡಕರುಳಿನ ಹುಣ್ಣು ಮಾಯುವುದರಲ್ಲಿ ಲೋಳೆಪದರದ ಪ್ರೊಟೀನುಗಳ ಪಾತ್ರವೇನು?

ಪ್ರಶ್ನೆ: ಪೆರ್ಲದ ಒಬ್ಬ ತಾಯಿ

ನನ್ನ ಮಗನಿಗೆ 22 ವರ್ಷ. ಕಳೆದ ಮಳೆಗಾಲದಲ್ಲಿ ರಕ್ತ ಬೆರೆತ ಭೇದಿ ಶುರುವಾದಾಗ ಆಮಶಂಕೆಯೆಂದೇ ತಿಳಿದು, ಕೊಡಸಿಗೆ ಹೂವಿನ ತಂಬುಳಿ, ದಾಳಿಂಬೆ ಸಿಪ್ಪೆಯ ಕಷಾಯ ಎಂದು ಎರಡು ತಿಂಗಳು ಕಳೆದೆವು. ಕೊನೆಗೆ ಮಂಗಳೂರಿನಲ್ಲಿ ಕೊಲೊನೋಸ್ಕೋಪಿ ಮಾಡಿಸಿದಾಗ ಅದು ದೊಡ್ಡಕರುಳಿನಲ್ಲಿ ಉರಿಯೂತವಾಗಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಎಂದು ಗೊತ್ತಾಯಿತು. ಬಯಾಪ್ಸಿ ವರದಿಯಲ್ಲಿ ಗಾಬ್ಲೆಟ್ ಕೋಶಗಳು ಕಡಿಮೆಯಾಗಿವೆ ಎಂಬ ಒಂದು ಸಾಲಿದೆ. ಕರುಳನ್ನು ಕಾಯುವ ಪ್ರೊಟೀನುಗಳನ್ನು ತಯಾರಿಸುವ ಕೋಶಗಳೇ ಅವು ಎಂದು ವೈದ್ಯರು ಹೇಳಿ, ಮೆಸಲಮೈನ್ ಮಾತ್ರೆ ಬರೆದುಕೊಟ್ಟರು. ಆ ಪ್ರೊಟೀನುಗಳು ನಿಜವಾಗಿ ಮಾಡುವ ಕೆಲಸವೇನು? ಅವುಗಳನ್ನು ಪುಡಿಯಾಗಿಯೋ ಮಾತ್ರೆಯಾಗಿಯೋ ಹೊರಗಿನಿಂದ ಕೊಡಲು ಸಾಧ್ಯವಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಂಬಳೆಯ ನಿವೃತ್ತ ಜೀವಶಾಸ್ತ್ರ ಶಿಕ್ಷಕಿ

ಮೊದಲಿಗೆ, ಆಮಶಂಕೆಯೆಂದು ಭಾವಿಸಿದ್ದಕ್ಕೆ ನೀವು ಕೊರಗಬೇಡಿ. ಅಮೀಬಾದ ಸೋಂಕು ಕೂಡ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬರುತ್ತದೆ. ಕೊಲೈಟಿಸ್‌ಗೆಂದು ಸ್ಟೀರಾಯ್ಡ್ ಕೊಡುವ ಮೊದಲು ವೈದ್ಯರು ಮಲಪರೀಕ್ಷೆ ಮಾಡಿಸುವುದೂ ಅದಕ್ಕಾಗಿಯೇ.

ದೊಡ್ಡಕರುಳಿನ ಒಳಮೈಯಲ್ಲಿರುವುದು ಒಂದೇ ಸಾಲಿನ ಕೋಶಗಳು, ಅವುಗಳಿಗೆ ಎದುರಾಗಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು. ಇವೆರಡರ ನಡುವೆ ಹಾಸಿಕೊಂಡಿರುವ ಲೋಳೆಯ ಮುಖ್ಯ ಪ್ರೊಟೀನಿಗೆ ಮ್ಯೂಸಿನ್-2 ಎಂದು ಹೆಸರು. ಅದರ ತೂಕದ ಸುಮಾರು 80 ಶೇಕಡಾ ಭಾಗ ಸಕ್ಕರೆಯ ಸರಪಳಿಗಳೇ ಆಗಿರುವುದರಿಂದ ಅದು ನೀರನ್ನು ಹೀರಿ ಉಬ್ಬಿ, ದಟ್ಟವಾದ ಬಲೆಯಂತೆ ಹರಡಿಕೊಳ್ಳುತ್ತದೆ. ಈ ಲೋಳೆಯಲ್ಲಿ ಎರಡು ಪದರಗಳಿವೆಯೆಂದೂ, ಹೊರಗಿನ ಸಡಿಲ ಪದರದಲ್ಲಿ ಬ್ಯಾಕ್ಟೀರಿಯಾಗಳು ವಾಸಿಸಿದರೂ ಕೋಶಗಳಿಗೆ ಅಂಟಿಕೊಂಡಿರುವ ಒಳಪದರದೊಳಕ್ಕೆ ಅವು ಬರುವುದಿಲ್ಲವೆಂದೂ 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಮ್ಯೂಸಿನ್-2ರ ಜೀನ್ ಇಲ್ಲದ ಇಲಿಗಳಿಗೆ ಬೇರಾವ ಕಾರಣವೂ ಇಲ್ಲದೆ ತಾನಾಗಿ ಕೊಲೈಟಿಸ್ ಬರುತ್ತದೆ. ನಿಮ್ಮ ವರದಿಯ ಆ ಸಾಲಿನ ಮಹತ್ವ ಇಲ್ಲಿದೆ: ಗಾಬ್ಲೆಟ್ ಕೋಶ ಕಡಿಮೆಯಾದರೆ ಲೋಳೆ ತೆಳುವಾಗುತ್ತದೆ, ಬ್ಯಾಕ್ಟೀರಿಯಾ ಗೋಡೆಯನ್ನು ಮುಟ್ಟುತ್ತದೆ, ಉರಿಯೂತ ಹೆಚ್ಚುತ್ತದೆ, ಆ ಉರಿಯೂತ ಮತ್ತಷ್ಟು ಗಾಬ್ಲೆಟ್ ಕೋಶಗಳನ್ನು ಕಳೆಯುತ್ತದೆ.

ಅದೇ ಕೋಶಗಳು ಟ್ರೆಫಾಯಿಲ್ ಫ್ಯಾಕ್ಟರ್-3 ಎಂಬ ಇನ್ನೊಂದು ಪುಟ್ಟ ಪ್ರೊಟೀನನ್ನೂ ಸುರಿಸುತ್ತವೆ. ಇದು ಮೂರು ಕುಣಿಕೆಗಳಾಗಿ ಬಿಗಿಯಾಗಿ ಮಡಚಿಕೊಂಡಿರುವ ಕಾರಣ ಜೀರ್ಣರಸಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಗೋಡೆಯಲ್ಲಿ ಸಣ್ಣ ಗಾಯವಾದಾಗ ಹೊಸ ಕೋಶಗಳು ಹುಟ್ಟುವವರೆಗೆ ಕಾಯದೆ, ಅಕ್ಕಪಕ್ಕದ ಕೋಶಗಳು ಚಪ್ಪಟೆಯಾಗಿ ಸರಿದು ಕೆಲವೇ ಗಂಟೆಗಳಲ್ಲಿ ಬರಿದಾದ ಜಾಗವನ್ನು ಮುಚ್ಚುತ್ತವೆ, ಆ ಸರಿದಾಟಕ್ಕೆ ಪ್ರೇರಣೆ ಕೊಡುವುದು ಈ ಪ್ರೊಟೀನು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಮಾನ್ಯ ಇಲಿಗಳಿಗೆ ಅಲ್ಪ ಹಾನಿಯನ್ನಷ್ಟೇ ಮಾಡುವ ಡೆಕ್ಸ್‌ಟ್ರಾನ್ ಸಲ್ಫೇಟ್ ಎಂಬ ರಾಸಾಯನಿಕವನ್ನು ಈ ಪ್ರೊಟೀನಿಲ್ಲದ ಇಲಿಗಳಿಗೆ ಕುಡಿಸಿದಾಗ, ಅವು ಗಾಯ ಮಾಯದೆ ತೀವ್ರ ಕೊಲೈಟಿಸ್‌ನಿಂದ ಸತ್ತವು.

ಇನ್ನು ಹೊರಗಿನಿಂದ ಕೊಡುವ ವಿಚಾರ. ಅದನ್ನೂ ಪರೀಕ್ಷಿಸಲಾಗಿದೆ. 2005ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಮೆಸಲಮೈನ್ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ ಟ್ರೆಫಾಯಿಲ್ ಫ್ಯಾಕ್ಟರ್-3ನ್ನು ಎನಿಮಾ ಮೂಲಕ, ಅಂದರೆ ಗುದದ್ವಾರದಿಂದ ಒಳಕ್ಕೆ ಕೊಟ್ಟು ನೋಡಿದರು. ಔಷಧಿಯೊಂದರಿಂದಲೇ ಸಿಕ್ಕಿದ್ದಕ್ಕಿಂತ ಹೇಳಿಕೊಳ್ಳುವಂಥ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಅಂಗಡಿಯಲ್ಲಿ ಸಿಗುವ ಪ್ರೊಟೀನು ಪುಡಿಯಂತೂ ಹೊಟ್ಟೆಯಲ್ಲಿ ಜೀರ್ಣವಾಗಿ ಆಹಾರವಾಗುತ್ತದೆಯೇ ಹೊರತು ಕರುಳಿನ ಲೋಳೆಯಾಗುವುದಿಲ್ಲ. ಅದಕ್ಕೆ ಹಣ ಹಾಕಬೇಡಿ.

ಉತ್ತರ: ಏತಡ್ಕದ ಕಡೆಯ ಒಬ್ಬ ಅಡಿಕೆ ಕೃಷಿಕ

ಅಕ್ಕ, ನನಗೆ ಈ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಟೀಚರ್ ಬರೆದದ್ದನ್ನು ಓದುವಾಗ ನನಗೆ ನಮ್ಮ ತೋಡಿನ ಕಟ್ಟ, ಅಂದರೆ ತೊರೆಗೆ ಅಡ್ಡಲಾಗಿ ಕಟ್ಟುವ ಒಡ್ಡು, ಕಣ್ಣಮುಂದೆ ಬಂತು. ಎರಡು ಕಲ್ಲಿನ ಗೋಡೆಗಳ ನಡುವೆ ಮಣ್ಣು ತುಂಬಿ, ನೀರು ಹಾಕಿ, ಕಾಲಿನಿಂದ ತುಳಿತುಳಿದು ಹದ ಮಾಡಿದರೆ ಮಾತ್ರ ಕಟ್ಟದಲ್ಲಿ ನೀರು ನಿಲ್ಲುತ್ತದೆ. ಕಲ್ಲುಗಳು ಎಷ್ಟು ಗಟ್ಟಿಯಾಗಿದ್ದರೂ ಸಂದಿನ ಮಣ್ಣು ಹೋದರೆ ಸೋರುತ್ತದೆ. ಮಳೆಗಾಲದ ರಭಸದಲ್ಲಿ ಎಷ್ಟು ಬುಟ್ಟಿ ಮಣ್ಣು ಸುರಿದರೂ ಕೊಚ್ಚಿಕೊಂಡು ಹೋಗುತ್ತದೆ, ಹಾಗಾಗಿ ಹರಿವು ಇಳಿಯುವವರೆಗೆ ಕಾಯುತ್ತೇವೆ. ಉರಿಯೂತ ಇಳಿಯದೆ ಹೊರಗಿನ ಪ್ರೊಟೀನು ನಿಲ್ಲಲಾರದೆಂದು ನಾನು ತಿಳಿದುಕೊಂಡದ್ದು ಹೀಗೆ.

ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಎರಡನೆಯ ವರ್ಷ ರಕ್ತ ನಿಂತಿತೆಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಅಡಿಕೆಗೆ ಮದ್ದು ಸಿಂಪಡಿಸುವ ದಿನಗಳಲ್ಲಿ, ತೋಟದ ನಡುವೆಯೇ ಹೊಟ್ಟೆ ಹಿಡಿದುಕೊಂಡು ಕೂರಬೇಕಾಯಿತು. ಅದರ ಬೆನ್ನಿಗೇ ಆರು ದಿನ ಆಸ್ಪತ್ರೆ. ನಿಮ್ಮ ಮಗ ಹಾಗೆ ಮಾಡದಂತೆ ನೋಡಿಕೊಳ್ಳಿ.

ಉತ್ತರ: ಕುಂಬಳೆಯ ಶಿಕ್ಷಕಿ

ಕಟ್ಟದ ಹೋಲಿಕೆ ನನಗೆ ಬಹಳ ಹಿಡಿಸಿತು, ಏಕೆಂದರೆ ಕೋಶಕೋಶಗಳ ಸಂದಿನಲ್ಲಿಯೂ ಅಂಥ ಬಿಗಿತವನ್ನು ಕೊಡುವ ಆಕ್ಲೂಡಿನ್, ಕ್ಲಾಡಿನ್ ಎಂಬ ಪ್ರೊಟೀನುಗಳಿವೆ. ಉರಿಯೂತವನ್ನು ಹೆಚ್ಚಿಸುವ ಸಂಕೇತ ಪ್ರೊಟೀನಾದ ಟಿ.ಎನ್.ಎಫ್. ಹೆಚ್ಚಾದಾಗ ಈ ಸಂದುಗಳು ಸಡಿಲವಾಗುತ್ತವೆ. ಇನ್‌ಫ್ಲಿಕ್ಸಿಮಾಬ್‌ನಂಥ ಔಷಧಿ ಟಿ.ಎನ್.ಎಫ್.ಅನ್ನು ತಡೆದಾಗ ಶಾಂತವಾದ ಕರುಳು ತನ್ನ ಪ್ರೊಟೀನುಗಳನ್ನು ತಾನೇ ಮತ್ತೆ ಕಟ್ಟಿಕೊಳ್ಳಲು ಅವಕಾಶ ಸಿಗುತ್ತದೆ. ಮೆಸಲಮೈನ್ ಕೂಡ ಬೇರೆ ದಾರಿಯಲ್ಲಿ ಉರಿಯೂತವನ್ನೇ ತಗ್ಗಿಸುತ್ತದೆ.

ರಕ್ತ ನಿಂತ ಮಾತ್ರಕ್ಕೆ ಒಳಗಿನ ಹುಣ್ಣು ಮಾಯಿತೆಂದು ಹೇಳಲಾಗದು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೊಟೀನನ್ನು ಅಳೆಯುವ ಪರೀಕ್ಷೆಯಿದೆ. ಅದು ಕರುಳಿಗೆ ನುಗ್ಗಿದ ಬಿಳಿ ರಕ್ತಕಣಗಳಿಂದ ಬರುವಂಥದ್ದು. ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಸಾಮಾನ್ಯವೆಂದೂ, 250ಕ್ಕಿಂತ ಹೆಚ್ಚಿದ್ದರೆ ಉರಿಯೂತ ಇನ್ನೂ ಸಕ್ರಿಯವಾಗಿರುವ ಸಂಭವವೆಂದೂ ಸ್ಥೂಲವಾಗಿ ಎಣಿಸುತ್ತಾರೆ. ಮುಂದಿನ ಸಲ ಮಂಗಳೂರಿಗೆ ಹೋಗುವಾಗ ಈ ಪರೀಕ್ಷೆ ಬೇಕೇ ಎಂದು ವೈದ್ಯರನ್ನೇ ಕೇಳಿ.

ಪ್ರಶ್ನೆ ಕೇಳಿದವರಿಂದ

ಟೀಚರ್, ಅಣ್ಣ, ಇಬ್ಬರಿಗೂ ಕೃತಜ್ಞತೆಗಳು. ಅಣ್ಣನವರು ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ಕಳೆದ ನಾಲ್ಕು ದಿನಗಳಿಂದ ರಕ್ತ ಕಾಣದಿದ್ದುದರಿಂದ ಅವನೂ ಎರಡು ಹೊತ್ತಿನ ಮಾತ್ರೆಯನ್ನು ಒಂದಕ್ಕೆ ಇಳಿಸಿದ್ದನಂತೆ, ಈಗಷ್ಟೇ ಒಪ್ಪಿಕೊಂಡ. ರಾತ್ರಿಯ ಗಂಜಿಯ ಜೊತೆಗೆ ಬಿಟ್ಟುಹೋದ ಮಾತ್ರೆಯನ್ನು ಕೈಯಲ್ಲಿಟ್ಟಿದ್ದೇನೆ. ನಾಳೆ ಬೆಳಿಗ್ಗೆಯೇ ವೈದ್ಯರಿಗೆ ಫೋನು ಮಾಡಿ ಈ ವಿಷಯವನ್ನೂ ಪರೀಕ್ಷೆಯ ವಿಷಯವನ್ನೂ ತಿಳಿಸುತ್ತೇನೆ.