ಫ್ಯಾನಿ ಹೆನ್ಸೆಲ್ ಅವರ ಹಾಡುಗಳು ತಮ್ಮನ ಹೆಸರಿನಲ್ಲಿ ಅಚ್ಚಾದದ್ದೇಕೆ?

ಪ್ರಶ್ನೆ:
ಜರ್ಮನ್ ಕವಿತೆಗಳಿಗೆ ರಾಗ ಹಾಕಿ, ಒಂದು ಕಂಠ ಮತ್ತು ಒಂದು ಪಿಯಾನೊ ಇಷ್ಟರಲ್ಲೇ ಹಾಡುವ 'ಲೀಡ್' ಪ್ರಕಾರವನ್ನು ಕೆಲವು ತಿಂಗಳಿಂದ ಕೇಳುತ್ತಿದ್ದೇನೆ. ನಮ್ಮ ಭಾವಗೀತೆಗೆ ಅದು ಬಹಳ ಹತ್ತಿರವೆನಿಸುತ್ತದೆ. ಜರ್ಮನ್ ಸಂಗೀತ ರಚನಕಾರ ಫೆಲಿಕ್ಸ್ ಮೆಂಡೆಲ್‌ಸನ್ ಅವರ ಓಪಸ್ (ಪ್ರಕಟಿತ ಕೃತಿಯ ಕ್ರಮಸಂಖ್ಯೆ) 8 ಮತ್ತು 9ರ ಹಾಡುಗಳಲ್ಲಿ ಆರು ಅವರ ಅಕ್ಕ ಫ್ಯಾನಿಯವೆಂದು ಓದಿದೆ. ಇದನ್ನು ಕೃತಿಚೌರ್ಯ ಎನ್ನಬೇಕೇ? ಆಕೆ ಸ್ವಂತ ಹೆಸರಿನಲ್ಲಿ ಸಂಪುಟವನ್ನೇ ತರಲಿಲ್ಲವೇ?

ಉತ್ತರ 1:
ಕೃತಿಚೌರ್ಯ ಎಂಬ ಮಾತನ್ನು ನಾನು ಒಪ್ಪಲಾರೆ. 1842ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ತಾವೇ ಆರಿಸಿಕೊಂಡು ಆ ಆರರಲ್ಲೊಂದಾದ 'ಇಟಾಲಿಯೆನ್' ಹಾಡಿದಾಗ, ಅದು ಅಕ್ಕನ ರಚನೆಯೆಂದು ಫೆಲಿಕ್ಸ್ ಅಲ್ಲಿಯೇ ಒಪ್ಪಿಕೊಂಡರು. ನಿಜವಾದ ತಡೆ ಇದ್ದದ್ದು ಮನೆಯೊಳಗೆ. ಫ್ಯಾನಿಗೆ ಹದಿನೈದು ತುಂಬುವ ಮೊದಲೇ, 1820ರಲ್ಲಿ, ಸಂಗೀತವು ಫೆಲಿಕ್ಸ್‌ಗೆ ವೃತ್ತಿಯಾಗಬಹುದು, ನಿನಗೆ ಮಾತ್ರ ಅದು ಅಲಂಕಾರವಾಗಿಯೇ ಉಳಿಯಬೇಕು ಎಂಬರ್ಥದಲ್ಲಿ ತಂದೆ ಅಬ್ರಹಾಂ ಆಕೆಗೆ ಪತ್ರ ಬರೆದಿದ್ದರು. 1837ರಲ್ಲಿ ಪ್ರಕಟಣೆಗೆ ಮಗಳನ್ನು ಹುರಿದುಂಬಿಸುವಂತೆ ತಾಯಿ ಕೇಳಿಕೊಂಡರೂ ಫೆಲಿಕ್ಸ್ ಒಪ್ಪಲಿಲ್ಲ. ಅಕ್ಕನ ಪ್ರತಿಭೆಯನ್ನು ಚೆನ್ನಾಗಿ ಬಲ್ಲವರೇ ಹೀಗೆ ಮಾಡಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಉತ್ತರ 2:
ನಿಮ್ಮ ಎರಡನೆಯ ಪ್ರಶ್ನೆಗೆ: ತಂದರು, ಆದರೆ ನಲವತ್ತು ದಾಟಿದ ಮೇಲೆ. ಸುಮಾರು 250 ಹಾಡುಗಳನ್ನು ರಚಿಸಿದ ಆಕೆಯ ಓಪಸ್ 1, ಆರು ಹಾಡುಗಳ ಸಂಪುಟ, ಬಂದದ್ದು 1846ರಲ್ಲಿ. ಹದಿನಾಲ್ಕರಲ್ಲಿ ತಂದೆಗೆ ಹೆದರಿದಂತೆ ನಲವತ್ತರಲ್ಲಿ ತಮ್ಮಂದಿರಿಗೆ ಹೆದರುತ್ತಿದ್ದೇನೆ ಎಂದು ಆ ವರ್ಷ ಫೆಲಿಕ್ಸ್‌ಗೆ ಬರೆದರಾದರೂ, ಈ ಸಲ ಅನುಮತಿಗಾಗಿ ಕಾಯಲಿಲ್ಲ. ತಮ್ಮನ ಹಾರೈಕೆ ಆಮೇಲೆ ಬಂತು. ಆ ಸಂಪುಟದಲ್ಲಿ ಮೊದಲು 'ಶ್ವಾನೆನ್‌ಲೀಡ್' (ಹಂಸಗೀತೆ) ಕೇಳಿ. ನಕ್ಷತ್ರ ಉದುರುವ, ಸೇಬಿನ ಮರದ ಹೂವೂ ಎಲೆಯೂ ಉದುರುವ, ಕೊಳದ ಹಂಸ ಹಾಡುತ್ತಲೇ ನೀರಿನಲ್ಲಿ ಮುಳುಗುವ, ಜರ್ಮನ್ ಕವಿ ಹೈನೆಯ ಕವಿತೆಯದು. ಪಿಯಾನೊ ಅದರಲ್ಲಿ ಬರಿಯ ಪಕ್ಕವಾದ್ಯವಲ್ಲ, ಕವಿತೆಯ ನೀರೇ ಅದು.

ಉತ್ತರ 3:
ಬರ್ಲಿನ್‌ನ ಮನೆಯಲ್ಲಿ ಆಕೆ ನಡೆಸುತ್ತಿದ್ದ ಭಾನುವಾರದ ಕಛೇರಿಗಳನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಆಕೆಗೆ ದೊರೆತ ಮುಖ್ಯ ವೇದಿಕೆ ಅದೇ. 1847ರ ಮೇ 14ರಂದು ಅಂಥದೊಂದು ಕಛೇರಿಗೆ ಅಭ್ಯಾಸ ನಡೆಸುತ್ತಿದ್ದಾಗಲೇ ಪಾರ್ಶ್ವವಾಯು ಬಡಿದು, ಅದೇ ದಿನ ತೀರಿಕೊಂಡರು; ಫೆಲಿಕ್ಸ್ ಅದೇ ನವೆಂಬರಿನಲ್ಲಿ. ಹಿಂದಿನ ದಿನವಷ್ಟೇ ಐಖೆನ್‌ಡಾರ್ಫ್ ಕವಿಯ 'ಬೆರ್ಗೆಸ್‌ಲುಸ್ಟ್' ಕವಿತೆಗೆ ರಾಗ ಹಾಕಿದ್ದರು. ಆಲೋಚನೆಗಳೂ ಹಾಡುಗಳೂ ಸ್ವರ್ಗದವರೆಗೆ ಸಾಗುತ್ತವೆ ಎಂಬ ಅದರ ಕೊನೆಯ ಸಾಲು, ಸ್ವರಲಿಪಿಯ ಸಮೇತ, ಬರ್ಲಿನ್‌ನಲ್ಲಿರುವ ಆಕೆಯ ಸಮಾಧಿಕಲ್ಲಿನ ಮೇಲಿದೆ.